ಜೂನ್ ಒಂದರ ಹನ್ನೊಂದು ಮಂದಿ

ಬೆಳಗಿನ ಐದೂವರೆ. ಗುಡೂರಿನಿಂದ ಮೂರು ಮೈಲಿ ಒಳಗಿರುವ ಬಿಳೆಕಲ್ಲಹಟ್ಟಿಯಲ್ಲಿ ಕುರಿಗಳಿನ್ನೂ ಎದ್ದು ಮೈ ಕೊಡವಿಲ್ಲ. ಊರ ಹೊರಗಿನ ಬೀಳು ಹೊಲದಲ್ಲಿ ಖಾಕಿ ಚಡ್ಡಿ, ಹರಿದ ಬನಿಯನ್ನು ತೊಟ್ಟವರೊಬ್ಬರು ಬಗ್ಗಿಕೊಂಡು ನಡೆಯುತ್ತಿದ್ದಾರೆ. ಕೈಯಲ್ಲಿ ತಳಕ್ಕೆ ಮೊಳೆಯಿಂದ ತೂತು ಹೊಡೆದ ಡಾಲ್ಡಾ ಡಬ್ಬಿ. ಅದರೊಳಗಿನ ಒಲೆಯ ಬೂದಿ ಸುರಿಯುತ್ತ ಹೋದಂತೆ ನೆಲದ ಮೇಲೆ ಬಿಳಿ ಗೆರೆ ಬೀಳುತ್ತದೆ. ಗೆರೆ ಸೊಟ್ಟಗಾದಲ್ಲಿ ನಿಂತು, ಕಾಲಿನಿಂದ ಅಳಿಸಿ, ಮತ್ತೆ ಎಳೆಯುತ್ತಾರೆ. ಎರಡು ತುದಿಗೂ ಎರಡೆರಡು ಬೇವಿನ ಗಳ ನೆಟ್ಟಿದೆ. ಅವೇ ಗೋಲು.

ಆರಕ್ಕೆ ಹುಡುಗರು ಬರುತ್ತಾರೆ, ಬರಿಗಾಲಲ್ಲಿ. ಚೆಂಡು ಉರುಳಿದ್ದೇ ತಡ, ಎಲ್ಲರೂ ಅದರ ಬೆನ್ನು ಹತ್ತುತ್ತಾರೆ. ಆಗ ಆ ಮನುಷ್ಯನ ದನಿ ಗುಡ್ಡಕ್ಕೆ ಕೇಳುವಂತೆ ಏರುತ್ತದೆ: "ಲೇ, ನೀವು ಕುರಿ ಕಾಯಾವರೋ, ನೀವ ಕುರಿಗಳೋ? ಎಲ್ಲಾರೂ ಒಂದ ಕಡಿ ಕೂಡಬ್ಯಾಡ್ರಲೇ, ಹರಕೊಂಡ ನಿಂದರ್ರಿ!" ಹುಡುಗರು ನಕ್ಕು ಚದುರುತ್ತಾರೆ. ಆಟ ಶುರುವಾಗುತ್ತದೆ.

ಇವರು ಅಮಸಿದ್ದಪ್ಪ. ವಯಸ್ಸು ನಲವತ್ತೆಂಟು ಎಂದು ಕಾಗದ ಹೇಳುತ್ತದೆ. ಕಾಗದದ ಮಾತು ಎಷ್ಟರಮಟ್ಟಿಗೆ ನಿಜ ಎಂಬುದನ್ನು ಮುಂದೆ ನೋಡೋಣ. ಬಿಳೆಕಲ್ಲಹಟ್ಟಿಯ ಬೀರಲಿಂಗೇಶ್ವರ ಶಾಲೆಯಲ್ಲಿ ಇಪ್ಪತ್ತೊಂದು ವರ್ಷಗಳಿಂದ ಜವಾನರು. ಒಂದನೆಯ ಇಯತ್ತೆಯಿಂದ ಹತ್ತನೆಯವರೆಗಿನ ಆ ಶಾಲೆಯ ಬೀಗ, ನೀರಿನ ಕೊಡ, ಗಂಟೆ ಎಲ್ಲ ಇವರ ಕೈಯಲ್ಲಿ. ಇವರು ಬಾರಿಸುವ ಹತ್ತೂವರೆಯ ಗಂಟೆ ಕೇಳಿ ಊರವರು ಗಡಿಯಾರದ ಮುಳ್ಳು ತಿರುಗಿಸಿಕೊಳ್ಳುತ್ತಾರೆ. ಇಷ್ಟು ವರ್ಷಗಳಲ್ಲಿ, ಒಂದೇ ಒಂದು ದಿನ ಬಿಟ್ಟರೆ, ಆ ಗಂಟೆ ಒಂದು ನಿಮಿಷವೂ ತಪ್ಪಿಲ್ಲ ಎಂದು ಊರೇ ಸಾಕ್ಷಿ ಹೇಳುತ್ತದೆ.

ಗಂಟೆಗೆ ಮುಂಚಿನ ಹೊತ್ತು ಫುಟ್‌ಬಾಲಿಗೆ ಮೀಸಲು. ಹರೆಯದಲ್ಲಿ ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ ಎರಡು ವರ್ಷ ಹಂಗಾಮಿ ಕೂಲಿಯಾಗಿದ್ದಾಗ, ಸಂಜೆ ಮೈದಾನದ ಅಂಚಿನಲ್ಲಿ ನಿಂತು, ಹೊರಗೆ ಬಂದ ಚೆಂಡನ್ನು ಎತ್ತಿ ಕೊಡುತ್ತ ಕೊಡುತ್ತ ಆಟ ಕಲಿತರು. ಎಂಟು ವರ್ಷದ ಹಿಂದೆ ಊರಲ್ಲಿ ತರುಣ ಸಂಘ ಕಟ್ಟಿದರು. ಸಂಘದ ಆಸ್ತಿ ಎರಡು ಚೆಂಡು, ಆರು ಜೋಡಿ ಬೂಟು. ಹುಡುಗರು ಇಪ್ಪತ್ತೆರಡು. ಚೆಂಡಿನ ಹೊಲಿಗೆ ಬಿಚ್ಚಿದರೆ ಸಮಗಾರ ದುರಗಪ್ಪ ಹಾಕಿಕೊಡುತ್ತಾನೆ, ಬ್ಲಾಡರಿನ ಪಂಕ್ಚರನ್ನು ಅಮಸಿದ್ದಪ್ಪನವರೇ ತೆಗೆಯುತ್ತಾರೆ. ಎಂಟು ವರ್ಷದಲ್ಲಿ ಗೆದ್ದ ತಾಲೂಕು ಕಪ್ಪುಗಳು ನಾಲ್ಕು. ಕಾಲೇಜು ಸೇರಿದ ಹುಡುಗರು ಸೊನ್ನೆ.

ಆ ಸೊನ್ನೆಯ ಕಥೆ ಕೇಳಿದರೆ ಯಾರಿಗಾದರೂ ಮೈ ಉರಿಯಬೇಕು.

ಕುರಿ ಕಾಯುವ ಮನೆಯ ಹುಡುಗ ಹತ್ತನೆಯ ಇಯತ್ತೆ ಪಾಸಾದರೆ ಅದೇ ದೊಡ್ಡದು. ಮುಂದೆ ಪೇಟೆಯ ಕಾಲೇಜು, ಹಾಸ್ಟೆಲು ಎಂದರೆ ಅವನ ಮಟ್ಟಿಗೆ ಆಕಾಶಕ್ಕೆ ಏಣಿ. ಆದರೆ ಒಂದು ಕಿಂಡಿ ಇದೆ. ಧಾರವಾಡದ ಕಡೆಯ ಕೆಲವು ಕಾಲೇಜುಗಳು ಒಳ್ಳೆಯ ಆಟಗಾರರಿಗೆಂದೇ ನಾಲ್ಕಾರು ಸೀಟು ಇಟ್ಟಿರುತ್ತವೆ. ಊಟ, ವಸತಿ ಅವರದೇ. ಕೇಳುವುದು ಒಂದೇ ಕಾಗದ: ವಿಭಾಗ ಮಟ್ಟದ ಕಿರಿಯರ ಪಂದ್ಯದಲ್ಲಿ ಆಡಿದ ಸರ್ಟಿಫಿಕೇಟು. ಪಂದ್ಯದ ವರ್ಷದ ಆಗಸ್ಟ್ ಒಂದಕ್ಕೆ ಆಡುವವನಿಗೆ ಹತ್ತೊಂಬತ್ತು ತುಂಬಿರಬಾರದು, ಅಷ್ಟೆ.

ಸಂಘದಲ್ಲಿ ಹಣಮಪ್ಪ ಎಂಬ ಹುಡುಗನಿದ್ದ. ಲೆಫ್ಟ್ ಔಟ್, ಅಂದರೆ ಎಡಗಡೆಯ ತುದಿಯಲ್ಲಿ ಓಡಿ ಆಡುವವನು. ಎಂಬತ್ತೈದರಲ್ಲಿ ಹುನಗುಂದದ ಪಂದ್ಯಕ್ಕೆ ಬಂದಿದ್ದ ಕಾಲೇಜೊಂದರ ಕೋಚು ಅವನ ಎಡಗಾಲಿನ ಆಟ ನೋಡಿ, ಪಂದ್ಯ ಮುಗಿದ ಮೇಲೆ ತಾನಾಗಿಯೇ ಅಮಸಿದ್ದಪ್ಪನವರನ್ನು ಹುಡುಕಿಕೊಂಡು ಬಂದರಂತೆ. "ವಿಭಾಗದ ಸರ್ಟಿಫಿಕೇಟ್ ತಗೊಂಡ ಬರ್ರಿ, ಸೀಟ್ ಕೊಡಸೂದು ನಂದು ಅಂತ ಅಂದ್ರು. ಆ ರಾತ್ರಿ ನನಗ ಅನ್ನ ಇಳೀಲಿಲ್ರಿ, ಖುಷಿಗೆ," ಎನ್ನುತ್ತಾರೆ ಅಮಸಿದ್ದಪ್ಪ. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ.

ಅದೇ ನವೆಂಬರಿನಲ್ಲಿ ಬಾಗಲಕೋಟೆಯಲ್ಲಿ ಕಿರಿಯರ ಪಂದ್ಯಾವಳಿ. ಗೆದ್ದವರು ವಿಭಾಗಕ್ಕೆ ಹೋಗುತ್ತಾರೆ. ಬಿಳೆಕಲ್ಲಹಟ್ಟಿಯವರು ಆರು ಜೋಡಿ ಬೂಟನ್ನು ಅದಲುಬದಲು ಮಾಡಿಕೊಂಡು ಸೆಮಿಫೈನಲ್ ಗೆದ್ದರು. ಮೂರರಲ್ಲಿ ಎರಡು ಗೋಲು ಹಣಮಪ್ಪನವು. ಮಾರನೆಯ ದಿನ ಫೈನಲ್. ಮೈದಾನದ ಬದಿಯಲ್ಲಿ ಮೇಜು ಹಾಕಿಕೊಂಡು ಕುಳಿತಿದ್ದ ಕಮಿಟಿಯ ಕಾರ್ಯದರ್ಶಿ ಹುಡುಗರ ಶಾಲೆಯ ದಾಖಲೆಗಳನ್ನು ಒಂದೊಂದಾಗಿ ತಿರುವಿದರು. ಮೊದಲನೆಯವನ ಜನ್ಮದಿನ ಜೂನ್ ಒಂದು. ಎರಡನೆಯವನದೂ ಜೂನ್ ಒಂದು. ಹನ್ನೊಂದು ಮಂದಿಯದೂ ಜೂನ್ ಒಂದೇ. ಇಸವಿ ಮಾತ್ರ ಕೆಲವರದು ಅರವತ್ತೇಳು, ಕೆಲವರದು ಅರವತ್ತೆಂಟು.

ಕಾರ್ಯದರ್ಶಿ ಕಾಗದ ಎತ್ತಿ ಹಿಡಿದು, ಸುತ್ತಲಿದ್ದವರಿಗೆ ಕೇಳುವಂತೆ ಹೇಳಿದರು: "ಏನೋ, ನಿಮ್ಮೂರ ಹೆಣ್ಣಮಕ್ಕಳು ಎಲ್ಲಾರೂ ಕೂಡಿ ಒಂದ ದಿವಸ ಹಡೀತಾರೇನು?"

ಜನ ನಕ್ಕರು. ವಯಸ್ಸಿನಲ್ಲಿ ಮೋಸ ಎಂದು ಬರೆದು ತಂಡವನ್ನು ಹೊರಗೆ ಹಾಕಿದರು. ಬೂಟು ಕಟ್ಟಿಕೊಂಡು ನಿಂತಿದ್ದ ಹುಡುಗರು ಬೂಟು ಬಿಚ್ಚಿದರು. ಸೆಮಿಫೈನಲಿನಲ್ಲಿ ಅವರಿಗೇ ಸೋತಿದ್ದ ತಂಡ ಫೈನಲ್ ಆಡಿತು.

ಮೋಸ ಎಲ್ಲಿತ್ತು? ಹಳ್ಳಿಯ ಯಾವ ಶಾಲೆಯ ರಿಜಿಸ್ಟರನ್ನೇ ತೆರೆಯಿರಿ, ಜೂನ್ ಒಂದು ಸಾಲುಗಟ್ಟಿ ನಿಂತಿರುತ್ತದೆ. ಅದು ಶಾಲೆ ಶುರುವಾಗುವ ದಿನ. ಕುರಿ ಹಿಂದೆ ಹೋಗುವ ಹುಡುಗರನ್ನು ಹಿಡಿದು ತಂದು ಹೆಸರು ಹಚ್ಚುವ ದಿನ. ತಾಯಿಗೆ ತಾರೀಖು ಗೊತ್ತಿರುವುದಿಲ್ಲ, ಮಾಸ್ತರರಿಗೆ ಪುರುಸೊತ್ತು ಇರುವುದಿಲ್ಲ. ತಾಯಿ ಹುಣ್ಣಿಮೆ ಹೇಳುತ್ತಾಳೆ, ಅಮವಾಸ್ಯೆ ಹೇಳುತ್ತಾಳೆ. ರಿಜಿಸ್ಟರಿನ ಆ ಅಂಕಣದಲ್ಲಿ ಹುಣ್ಣಿಮೆಗೆ ಜಾಗವಿಲ್ಲ. ಅದಕ್ಕೇ ಅಂದಿನ ತಾರೀಖನ್ನೇ ಬರೆದು ಕೈ ತೊಳೆದುಕೊಳ್ಳುತ್ತಾರೆ. ಇದು ಗೊತ್ತಿಲ್ಲದ ಶಿಕ್ಷಣ ಇಲಾಖೆಯ ಮನುಷ್ಯ ಈ ನಾಡಿನಲ್ಲಿ ಒಬ್ಬನೂ ಇಲ್ಲ. ಕಾರ್ಯದರ್ಶಿಯೂ ಅದೇ ಇಲಾಖೆಯವರು.

ಅಂದು ಮೇಜಿನ ಮುಂದೆ ಅಮಸಿದ್ದಪ್ಪ ಬಾಯಿ ತೆರೆಯಲಿಲ್ಲ. ಯಾಕೆ ಎಂದು ಕೇಳಿದರೆ ಹೇಳುತ್ತಾರೆ: "ಏನಂತ ಹೇಳ್ಲಿರಿ? ಆ ಹುಡುಗೂರನ್ನ ಕೈ ಹಿಡದು ಸಾಲಿಗೆ ತಂದಾವ ನಾನ. ಹಣಮನ ಅವ್ವ ಬೋರವ್ವ ಅವತ್ತ ಹೇಳಿದ್ಳು, ಸೀಗಿ ಹುಣ್ಣಿಮಿ ದಿನಾ ಹುಟ್ಟ್ಯಾನ ಅಂತ. ಹೆಡ್ ಮಾಸ್ತರ ಪೆನ್ ಹಿಡದು ಕುಂತಿದ್ರು. ಗಂಟಿ ಹೊಡಿಯೂ ಹೊತ್ತಾಗಿತ್ತು. ನಾನ ಅಂದೆ, ಜೂನ್ ಒಂದ ಅಂತ ಬರೀರಿ ಸರ್, ಯಾ ದಿನಾ ಬರದ್ರೇನು ಅಂತ."

ಕಮಿಟಿ ಕೊಟ್ಟ ಒಂದೇ ಅವಕಾಶವೆಂದರೆ ಡಾಕ್ಟರರ ವಯಸ್ಸಿನ ಸರ್ಟಿಫಿಕೇಟು. ಹನ್ನೊಂದು ಮಂದಿಯನ್ನೂ ಕರೆದುಕೊಂಡು ಅಮಸಿದ್ದಪ್ಪ ಮತ್ತೆ ಬಾಗಲಕೋಟೆಯ ಬಸ್ಸು ಹತ್ತಿದರು. ಮಗನ ಮೇಲೆ ಮೋಸದ ಮಾತು ಬಂದಿದೆ ಎಂದು ಬೋರವ್ವನೂ ಜತೆಗೆ ಹೊರಟರು. ಹಲ್ಲಿನ ಡಾಕ್ಟರು ಹುಡುಗರನ್ನು ಸಾಲಾಗಿ ನಿಲ್ಲಿಸಿ, ಬಾಯಿ ತೆರೆಸಿ, ದವಡೆ ಹಲ್ಲು ಎಣಿಸತೊಡಗಿದರು. ಬಾಗಿಲಲ್ಲಿ ನಿಂತಿದ್ದ ಬೋರವ್ವನಿಗೆ ತಡೆದುಕೊಳ್ಳಲಾಗಲಿಲ್ಲ.

"ಅಮೀನಗಡದ ಸಂತ್ಯಾಗ ಟಗರಿನ ಬಾಯಿ ತಗದು ಹಲ್ಲ ನೋಡ್ತೇವ್ರಿ ನಾವು," ಎಂದರಂತೆ. "ಎರಡ ಹಲ್ಲಿಂದೋ, ಎಲ್ಲಾ ಹಲ್ಲ ಬಂದು ಬಾಯಿಗೂಡಿದ್ದೋ ಅಂತ. ಯಾಕಂದ್ರ ಟಗರಿಗೆ ಮಾತ ಬರೂದಿಲ್ಲ, ಅದರ ಅವ್ವಗೂ ಬರೂದಿಲ್ಲ. ನನ್ನ ಮಗಾ ಹುಟ್ಟಿದ್ದ ನಾ ಹೇಳ್ತೇನಲ್ಲ, ನಾ ಹಡದಾಕಿ. ನನ್ನ ಮಾತ ಬಿಟ್ಟು ಅವನ ಹಲ್ಲಿನ ಮಾತ ಕೇಳ್ತೀರೇನು?"

ಡಾಕ್ಟರು ಒಳ್ಳೆಯವರು. ಎಲ್ಲರಿಗೂ ಹದಿನೇಳರಿಂದ ಹತ್ತೊಂಬತ್ತರ ಒಳಗೆ ಎಂದು ಬರೆದುಕೊಟ್ಟರು. ಆ ಕಾಗದ ಕಮಿಟಿಯ ಫೈಲಿನಲ್ಲಿ ಕುಳಿತು ಎದ್ದು ಬರುವಷ್ಟರಲ್ಲಿ ವಿಭಾಗದ ಪಂದ್ಯ ಮುಗಿದು ಎರಡು ತಿಂಗಳಾಗಿತ್ತು.

ಅಮಸಿದ್ದಪ್ಪ ಆಗಲೂ ಕೈಚೆಲ್ಲಲಿಲ್ಲ. ಹಣಮಪ್ಪನಿಗೆ ಇನ್ನೊಂದು ವರ್ಷ ಇದೆಯಲ್ಲ ಎಂದುಕೊಂಡರು. ಕಾಲೇಜಿನ ಕೋಚು ಕೂಡ ಬರುವ ವರ್ಷದವರೆಗೆ ಕಾಯುತ್ತೇನೆ ಎಂದಿದ್ದರು. ರಿಜಿಸ್ಟರಿನ ಜೂನ್ ಒಂದರ ಪ್ರಕಾರ ಎಂಬತ್ತಾರರ ಆಗಸ್ಟಿಗೆ ಹುಡುಗನಿಗೆ ಹತ್ತೊಂಬತ್ತು ತುಂಬಿ ಎರಡು ತಿಂಗಳು. ಆದರೆ ತಾಯಿ ಹೇಳುವ ಸೀಗಿ ಹುಣ್ಣಿಮೆಯ ಪ್ರಕಾರ ಇನ್ನೂ ತುಂಬಿಲ್ಲ. ಅಮಸಿದ್ದಪ್ಪ ಬೇವೂರಿನ ಅಯ್ಯನವರ ಮನೆಯ ಅಟ್ಟದಿಂದ ಅರವತ್ತೇಳರ ಹಳೆಯ ಪಂಚಾಂಗ ಇಳಿಸಿ, ಧೂಳು ಒರೆಸಿ, ಆ ಹುಣ್ಣಿಮೆ ಅಕ್ಟೋಬರ್ ಹದಿನೆಂಟು ಎಂದು ತೆಗೆಸಿದರು. ಪಂಚಾಂಗವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಅದೇ ಕಾರ್ಯದರ್ಶಿಯ ಮುಂದೆ ಹೋಗಿ ನಿಂತರು.

"ರಿಜಿಸ್ಟರದಾಗ ಇದ್ದದ್ದ ಖರೆ. ಜೂನ್ ಒಂದ ಅಂದ್ರ ಜೂನ್ ಒಂದು. ಪಂಚಾಂಗ ನೋಡಾಕ ನಾ ಏನ್ ಲಗ್ನಾ ಮಾಡಸಾಂವ ಅಲ್ಲ," ಎಂದರಂತೆ ಕಾರ್ಯದರ್ಶಿ.

ಇದನ್ನು ಓದುಗರು ನಿಧಾನವಾಗಿ ಇನ್ನೊಮ್ಮೆ ಓದಬೇಕು. ಮೊದಲ ವರ್ಷ ಜೂನ್ ಒಂದು ಸುಳ್ಳು ಎಂದು ಹುಡುಗನನ್ನು ಹೊರಗೆ ಹಾಕಿದರು. ಎರಡನೆಯ ವರ್ಷ ಜೂನ್ ಒಂದೇ ಸತ್ಯ ಎಂದು ಹೊರಗೆ ಹಾಕಿದರು. ಎರಡು ಸಲವೂ ಅದೇ ಮೇಜು, ಅದೇ ಮನುಷ್ಯ. ಇದಕ್ಕೆ ನಿಯಮ ಎನ್ನುತ್ತಾರೆ. ಬಡವರ ಮಕ್ಕಳ ಕುತ್ತಿಗೆಗೆ ಎರಡೂ ಕಡೆಯಿಂದ ಸರಿಯಾಗಿ ಕೂರುವ ಇಂಥ ನಿಯಮವನ್ನು ಯಾವ ಪುಣ್ಯಾತ್ಮ ಹೊಲಿದನೋ! ಸೀಟು ಬೇರೆ ಊರಿನ ಹುಡುಗನ ಪಾಲಾಯಿತು. ಹಣಮಪ್ಪ ಈಗ ಇಳಕಲ್ಲಿನ ಕಲ್ಲಿನ ಖಣಿಯಲ್ಲಿ ಕೆಲಸಕ್ಕಿದ್ದಾನೆ. ಸೂಟಿ ಸಿಕ್ಕ ದಿನ ಬಂದು ಸಣ್ಣವರಿಗೆ ಎಡಗಾಲಿನ ಆಟ ಹೇಳಿಕೊಡುತ್ತಾನೆ. ಅಮಸಿದ್ದಪ್ಪನವರ ಮೇಲೆ ಅವನಿಗೆ ಸಿಟ್ಟಿಲ್ಲ. ಅವನ ಸಿಟ್ಟಿಲ್ಲದ ಮುಖವನ್ನು ನೋಡುವುದೇ ಅವರಿಗೆ ಕಷ್ಟ.

ಈ ವರ್ಷ ಮೇ ತಿಂಗಳಲ್ಲಿ ಬಾಗಲಕೋಟೆಯಲ್ಲಿ ಆ ಕಾರ್ಯದರ್ಶಿಯಿದ್ದ ಶಿಕ್ಷಣ ಕಚೇರಿಯ ಜವಾನ ಶಾಬುದ್ದೀನ ಒಂದು ಸುದ್ದಿ ಹೇಳಿದ. ಜವಾನರಿಗೆ ಜವಾನರೇ ನೆಂಟರು. ಕಾರ್ಯದರ್ಶಿ ಸಾಹೇಬರು ವಯಸ್ಸಾಗಿ ನಿವೃತ್ತರಾಗುತ್ತಿದ್ದಾರೆ, ಕೊನೆಯ ಶನಿವಾರ ಬೀಳ್ಕೊಡುಗೆ. ಅವರ ಸರ್ವಿಸ್ ಪುಸ್ತಕದಲ್ಲೂ ಹುಟ್ಟಿದ ದಿನ ಜೂನ್ ಒಂದು; ಅಂಥವರಿಗೆ ಮೇ ಮೂವತ್ತೊಂದೇ ಕೊನೆಯ ದಿನ ಎಂದು ಶಾಲೆಯಲ್ಲಿ ಕೆಲಸ ಮಾಡಿದವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಅಮಸಿದ್ದಪ್ಪ ತಲೆಗೆ ಒಗೆದ ಪಟಕ ಸುತ್ತಿಕೊಂಡು ಹೋದರು. ಹಾರ ಹಾಕುವವರ ಸಾಲಿನಲ್ಲಿ ನಿಂತು, ತಮ್ಮ ಸರದಿ ಬಂದಾಗ ಕೈ ಮುಗಿದು ಹೇಳಿದರು: "ಸಾಹೇಬ್ರ, ನಾಡಿದ್ದ ಜೂನ್ ಒಂದರಿ. ನಿಮ್ಮ ಹುಟ್ಟಿದ ದಿನಾ. ನಮ್ಮ ಹನ್ನೊಂದ ಹುಡುಗೂರದೂ ನಾಡಿದ್ದನರಿ."

ಸಾಹೇಬರು ಏನೆಂದರು?

"ಕೊಳ್ಳಾಗಿನ ಹಾರ ಸರಿ ಮಾಡ್ಕೊಂಡ್ರು. ಹಿಂದಿನಾಂವ ಮುಂದ ಬಂದಾ, ನಾ ಸರದೆ."

ನಕ್ಕು ಮರೆಯಬಹುದಾದ ಮಾತಲ್ಲ ಇದು. ಒಂದೇ ಸುಳ್ಳು ತಾರೀಖು ಒಬ್ಬರಿಗೆ ಜೀವನಪೂರ್ತಿ ಖುರ್ಚಿ ಕೊಟ್ಟಿತು, ಹನ್ನೊಂದು ಮಂದಿಯನ್ನು ಮೈದಾನದಿಂದ ಎಬ್ಬಿಸಿತು. ನಾಚಿಕೆಪಡಬೇಕಾದವರು ಹಾರ ಹಾಕಿಸಿಕೊಂಡು ಮನೆಗೆ ಹೋದರು. ನಾಚಿಕೆ ಮಾತ್ರ ಇಲ್ಲಿ, ಗಂಟೆ ಹೊಡೆಯುವವರ ಬಳಿ ಉಳಿದಿದೆ.

ಆ ನಾಚಿಕೆಯಿಂದಲೇ ಅವರೊಂದು ಕೆಲಸ ಹಿಡಿದಿದ್ದಾರೆ. ಗಂಟೆ ತೂಗುವ ಜಾಗದ ಹಿಂದಿನ ಗೋಡೆಯ ಮೇಲೆ ಇದ್ದಿಲಿನಿಂದ ಬರೆದ ಸಾಲುಗಳಿವೆ. ಸಾವಂತ್ರವ್ವನ ಮಗಳು, ಫೆಬ್ರವರಿ ಒಂಬತ್ತು. ಚಂದಪ್ಪನ ಮಗ, ಏಪ್ರಿಲ್ ಇಪ್ಪತ್ತಮೂರು. ಹಟ್ಟಿಯಲ್ಲಿ ಕೂಸು ಹುಟ್ಟಿದರೆ ಸೂಲಗಿತ್ತಿ ಜೋಹರಾ ಅಂದೇ ಅಮಸಿದ್ದಪ್ಪನವರಿಗೆ ಹೇಳಿ ಕಳಿಸುತ್ತಾಳೆ. ಈಗಾಗಲೇ ದೊಡ್ಡವರಾದ ಮಕ್ಕಳ ದಿನವನ್ನು ತಾಯಂದಿರ ಬಳಿ ಕೂತು, ಹುಣ್ಣಿಮೆ ಕೇಳಿ, ಪಂಚಾಂಗದಿಂದ ತೆಗೆಸುತ್ತಾರೆ.

ಈ ಜೂನ್ ಒಂದಕ್ಕೆ ಹೆಸರು ಹಚ್ಚಲು ಬಂದ ಮಕ್ಕಳು ಹದಿನಾಲ್ಕು. ಹದಿಮೂರು ಮಕ್ಕಳಿಗೆ ಹದಿಮೂರು ಬೇರೆ ಬೇರೆ ತಾರೀಖು ಬಿದ್ದವು. ಹದಿನಾಲ್ಕನೆಯವನ ತಾಯಿ ಸತ್ಯವ್ವ ಬೇರೆ ಊರಿಂದ ಕುರಿ ಹೊಡೆದುಕೊಂಡು ಬಂದವಳು. ಅವಳಿಗೆ ದಿನ ನೆನಪಾಗಲಿಲ್ಲ. ಹೆಡ್ ಮಾಸ್ತರರು ಗಡಿಯಾರ ನೋಡಿ, ಪೆನ್ನು ಎತ್ತಿ, ಜೂನ್ ಎಂದು ಬರೆಯಲು ಹೊರಟರು. ಅಮಸಿದ್ದಪ್ಪ ರಿಜಿಸ್ಟರಿನ ಮೇಲೆ ಕೈ ಇಟ್ಟರು. ಇಪ್ಪತ್ತೊಂದು ವರ್ಷದಲ್ಲಿ ಹೆಡ್ ಮಾಸ್ತರರ ಎದುರು ಕೈ ಚಾಚಿದ್ದು ಅದೇ ಮೊದಲು.

"ತಡೀರಿ ಸರ್. ಆಕಿ ನೆನಸ್ಕೊಳ್ಳಾಕತ್ತಾಳ."

ಸತ್ಯವ್ವ ಬೆರಳು ಮಡಿಚಿ ಎಣಿಸುತ್ತ ಕುಳಿತಳು. ಉಣ್ಣೆ ಕತ್ತರಿಸಿದ್ದು, ಹೊಳೆ ದಾಟಿದ್ದು, ಹಿರಿಯ ಮಗನಿಗೆ ಜ್ವರ ಬಂದದ್ದು. ಹತ್ತೂವರೆ ಆಯಿತು. ಹತ್ತು ಮೂವತ್ತೈದಾಯಿತು. ಊರಿನ ಗಡಿಯಾರಗಳೆಲ್ಲ ಅಂದು ಕಾದವು. ಹತ್ತು ನಲವತ್ತಕ್ಕೆ ಅವಳು ತಲೆಯೆತ್ತಿ, ನಾಗರ ಪಂಚಮಿಯ ಮಾರನೆಯ ದಿನ ಎಂದಳು.

ಅಮಸಿದ್ದಪ್ಪನವರ ಆಸೆ ದೊಡ್ಡದೇನಲ್ಲ. ಈ ಹದಿನಾಲ್ಕು ಮಕ್ಕಳಲ್ಲಿ ಒಬ್ಬನಾದರೂ ಮುಂದೆ ಆ ಸರ್ಟಿಫಿಕೇಟು ಹಿಡಿದು ಕಾಲೇಜಿನ ಬಾಗಿಲಿಗೆ ಹೋಗಬೇಕು, ಅದರಲ್ಲಿ ಅವನವ್ವ ಹೇಳಿದ ದಿನವೇ ಇರಬೇಕು. ಅಂದು ಗಂಟೆ ತಡವಾದದ್ದಕ್ಕೆ ಯಾರಾದರೂ ಬೈದರೇ ಎಂದು ಕೇಳಿದರೆ, ಬೂದಿಯ ಡಬ್ಬಿಯನ್ನು ತೊಡೆಗೆ ಬಡಿದು ಖಾಲಿ ಮಾಡುತ್ತ ಹೇಳುತ್ತಾರೆ:

"ಬೈಲಿ ಬಿಡ್ರಿ. ಗಂಟಿ ತಡಾ ಆದ್ರ ತಡಾ ಮಾಡಿ ಹೊಡೀಬಹುದು. ಹಣಮನ ಹೆಸರ ಹಚ್ಚೂ ದಿನಾ ನಾ ಹತ್ತ ನಿಮಿಷ ತಡದಿದ್ರ ಸಾಕಾಗಿತ್ತು."