ಲೋನ್ ಮೇಡಂ ಬಂದ ದಿನ ಬಿರುಕು ಮಾಯ!

ಲೋನ್ ಮೇಡಂ ಗೋಡೆ ನೋಡಲು ಬರುತ್ತಾರೆ ಅಂತ ನಾನು ಹೇಳಿದ್ದೇ ತಪ್ಪಾಯಿತು ನೋಡಿ... ನಮ್ಮತ್ತೆ ಸುಣ್ಣದ ಬಕೆಟ್ ಹಿಡಿದು ನಿಂತರು.

ನಮ್ಮೂರು ಕಳ್ಳಕವಟಗಿ. ನಮ್ಮ ಕಡೆ ಭೂಮಿ ಆಗಾಗ ಸಣ್ಣಗೆ ನಡುಗುತ್ತದೆ. ಹಾಗೆ ನಡುಗಿಯೇ ಪಡಸಾಲೆಯ ಕಲ್ಲುಮಣ್ಣಿನ ಗೋಡೆ ಬೆರಳು ಹೋಗುವಷ್ಟು ಬಿರುಕು ಬಿಟ್ಟಿತ್ತು.

ಅದನ್ನು ಗಟ್ಟಿ ಮಾಡಿಸಲು ವಿಜಯಪುರದ ಒಂದು ಮಹಿಳಾ ಸಂಘ ಕಡಿಮೆ ಬಡ್ಡಿಗೆ ಸಣ್ಣ ಸಾಲ ಕೊಡುತ್ತದೆ ಅಂತ ತಿಳಿದು ಅರ್ಜಿ ಹಾಕಿದ್ದೆ. ಬಿರುಕನ್ನು ಕಣ್ಣಾರೆ ನೋಡಿಯೇ ಕೊಡುವುದು ಅವರ ಪದ್ಧತಿ.

ನಾನು ಹೊಲದಿಂದ ಬರುವಷ್ಟರಲ್ಲಿ ಬಿರುಕೇ ಇಲ್ಲ! ಮಣ್ಣು ಮೆತ್ತಿ, ಸುಣ್ಣ ಬಳಿದು, ಗೋಡೆ ಮದುವೆ ಮನೆಯ ಹಾಗೆ ಹೊಳೆಯುತ್ತಿದೆ.

“ಮನಿಗೆ ಬಂದವರಿಗೆ ಒಡಕ ಗ್ವಾಡಿ ತೋರಸ್ತಿಯೇನ ಬೇ? ಮಾನ ಮರ್ಯಾದಿ ಐತೋ ಇಲ್ಲೋ?” ಅಂತ ನನಗೇ ಬೈಗುಳ.

ತಲೆ ಚಚ್ಚಿಕೊಳ್ಳೋಣ ಅಂದರೆ ಆ ಗೋಡೆಯನ್ನು ನಂಬುವ ಹಾಗಿಲ್ಲ...

ಅಷ್ಟರಲ್ಲಿ ಮೇಡಂ ಬಂದೇ ಬಿಟ್ಟರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ, “ಹಿರ್ಯಾರು ಕಟ್ಟಿದ ಮನಿರೀ, ಏನೂ ಆಗೂದಿಲ್ಲ” ಅಂದರು.

ಸಾಲ ಕೈತಪ್ಪಿತು ಅಂದುಕೊಂಡೆ. ಈ ಮನೆ ಬಿದ್ದರೆ ನಮಗೆ ಬೇರೆ ಸೂರಿಲ್ಲ.

ಮೇಡಂ ಚಹಾ ಕುಡಿಯುತ್ತ ಅಂಗಳದ ಕಡೆ ನೋಡಿದರು. ಅಲ್ಲಿ ಸಾಲಾಗಿ ನಮ್ಮ ಹಗ್ಗದ ಮಂಚ, ಅಂದರೆ ಹೊರಸು, ಮೇಲೆ ಹೊದೆಯುವ ಕೌದಿ.

“ಯವ್ವಾ, ಮನಿ ಇಷ್ಟ ಗಟ್ಟಿ ಐತಿ ಅಂದ್ರ ಎಲ್ಲಾರೂ ಹೊರಗ್ಯಾಕ ಮಲಗಾಕತ್ತೀರಿ?”

“ಸೆಕಿ ರೀ ಬಾಯಾರ... ಭಾಳ ಸೆಕಿ!”

ಸಂಕ್ರಾಂತಿಯ ಚಳಿ. ಅತ್ತೆ ಶಾಲು ಹೊದ್ದುಕೊಂಡೇ ಈ ಮಾತು ಹೇಳಿದ್ದು!

ಮೇಡಂ ನಕ್ಕರು. ನಾನೂ ತಡೆಯಲಾರದೆ ನಕ್ಕೆ. ಅತ್ತೆ ಮಾತ್ರ ನಗಲಿಲ್ಲ.

“ಅಂಜಿಕಿ ಬರತೈತ್ರಿ. ಮಮ್ಮಗಳನ್ನ ಒಳಗ ಮಲಗಸಾಕ ಧೈರ್ಯ ಸಾಲವಲ್ತು” ಅಂತ ಸಣ್ಣ ದನಿಯಲ್ಲಿ ಹೇಳಿದರು. ಕಳೆ ತೆಗೆಯುವ ಕುರ್ಪಿ ತಂದು ತಾವೇ ಹಸಿ ಸುಣ್ಣ ಕೆರೆದರು.

ಬಿರುಕು ಬಾಯಿ ಬಿಟ್ಟಿತು. ಬೈಗುಳವೆಲ್ಲ ಮರೆತು ನನ್ನ ಕಣ್ಣು ತುಂಬಿ ಬಂತು.

ಸಾಲ ಸಿಕ್ಕಿತು. ಗೋಡೆಗೆ ಸುತ್ತಲೂ ಸಿಮೆಂಟಿನ ಪಟ್ಟಿ ಕಟ್ಟಿಸಿದೆವು. ಈಗ ಹೊರಸುಗಳು ಒಳಗೆ ಬಂದಿವೆ, ಮಗಳು ಅಜ್ಜಿಯ ಪಕ್ಕದಲ್ಲಿ ಮಲಗುತ್ತಾಳೆ.

ಮೊನ್ನೆ ಯುಗಾದಿಗೆ ಆ ಗೋಡೆಗೆ ಸುಣ್ಣ ಹಚ್ಚಲು ಹೋದರೆ ಅತ್ತೆ ಬ್ರಷ್ ಕಸಿದುಕೊಂಡರು. “ಸುಮ್ನಿರ ಬೇ! ಬಂದವ್ರಿಗೆ ಸಿಮೆಂಟ್ ಕಾಣಬೇಕು!”

ನಿಮ್ಮ ಮನೆಯಲ್ಲಿ ಮಾನಕ್ಕಂಜಿ ಯಾವ ಬಿರುಕಿಗೆ ಸುಣ್ಣ ಬಳಿದಿದ್ದೀರಿ, ಹೇಳಿ ನೋಡೋಣ?