ಒಕ್ಕಲು ಎಂಬ ಪದ

ನನ್ನ ಗಂಡನಿಗೆ ಫಲಕಗಳ ಹುಚ್ಚು. ಟೆಕ್ಸಾಸಿನ ಯಾವ ಮೂಲೆಗೆ ಹೊರಟರೂ ರಸ್ತೆ ಬದಿಯಲ್ಲಿ ಇತಿಹಾಸದ ಫಲಕ ಕಂಡರೆ ಕಾರು ನಿಲ್ಲಲೇಬೇಕು. ಹೂಸ್ಟನ್ನಿನ ಒಂದು ಮದುವೆಯೂಟ ತಪ್ಪಿಹೋದದ್ದು ಹೀಗೆಯೇ. ವಾರವಿಡೀ ಮುಖ ಊದಿಸಿಕೊಂಡಿದ್ದೆ. ಪುಟ್ಟ ಮಗಳನ್ನು ಇವರು ಹೆಗಲ ಮೇಲೆ ಕೂರಿಸಿಕೊಂಡು, ಫಲಕದ ಇಂಗ್ಲಿಷನ್ನು ಸಾಲು ಸಾಲಾಗಿ ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದರು. ಸೆಟ್ಲರ್ಸ್ ಎಂಬಲ್ಲಿಗೆ ಬಂದಾಗಲೆಲ್ಲ "ಬಂದು ಒಕ್ಕಲಾದವರು" ಎನ್ನುವರು. ಹಾಗೆಂದರೆ ಯಾರು ಎಂದು ಅವಳು ಇಂಗ್ಲಿಷಿನಲ್ಲಿ ಕೇಳಿದರೆ, "ನಾವೇ ಕಣೇ" ಎಂದು ನಗುವರು.

ಮಗಳಿಗೆ ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಮನೆ ಹಾಗೇ ನಡೆದುಹೋಯಿತು. ನಾನೂ ಒತ್ತಾಯಿಸಲಿಲ್ಲ. ಆ ಸೋಮಾರಿತನಕ್ಕೆ ಈಗ ನನ್ನನ್ನೇ ಬೈದುಕೊಳ್ಳುತ್ತೇನೆ.

ಮೂರು ವರ್ಷದಿಂದ ಇವರ ನೆನಪು ಸವೆಯುತ್ತಿದೆ. ಮೊದಲು ದಾರಿ ಮರೆತರು, ಆಮೇಲೆ ಇಂಗ್ಲಿಷ್ ಹೋಯಿತು. ಇಷ್ಟು ವರ್ಷ ಆಫೀಸಿನಲ್ಲಿ ಆಡಿದ ಭಾಷೆ! ಈಗ ಕನ್ನಡವೊಂದೇ ಉಳಿದಿದೆ. ಆಸ್ಟಿನ್‌ನಿಂದ ಮಗಳು ಬಂದರೆ ಇಬ್ಬರೂ ಎದುರುಬದುರು ಕೂತಿರುತ್ತಾರೆ, ಅವಳ ಇಂಗ್ಲಿಷಿಗೆ ನಡುವೆ ನಾನು ದುಭಾಷಿ.

ಕಳೆದ ತಿಂಗಳು ಅವಳೇ ನಮ್ಮನ್ನು ಹಳೇ ಫಲಕವೊಂದನ್ನು ನೋಡಲು ಹೊರಡಿಸಿದಳು. ಫಲಕವನ್ನು ಅಪ್ಪನಿಗೆ ತಾನೇ ಕನ್ನಡದಲ್ಲಿ ಹೇಳುತ್ತೇನೆ, ನೀನು ಬಾಯಿ ಹಾಕಬೇಡ ಎಂದು ನನಗೆ ತಾಕೀತು ಮಾಡಿದಳು. ಕಾರು ಓಡಿಸುತ್ತಿದ್ದವಳು ನಾನು. ಪಕ್ಕದಲ್ಲಿ ಅವಳು ಫೋನಿನಲ್ಲಿ ಬರೆದುಕೊಂಡ ಪದಗಳನ್ನು ಪರೀಕ್ಷೆಗೆ ಹೊರಟವಳ ಹಾಗೆ ಗೊಣಗುತ್ತಿದ್ದಳು. ನಾವಿರುವ ಫ್ರಿಸ್ಕೋ ಊರಿನ ಹೊಸ ಮನೆಗಳ ಸಾಲು ಮುಗಿದು, ಉತ್ತರಕ್ಕೆ ಇನ್ನೊಂದು ಗಂಟೆ ಹೋದರೆ ಒಂದು ಸಣ್ಣ ಊರು. ಚರ್ಚು, ಬಾಗಿಲು ಮುಚ್ಚಿದ ನಾಲ್ಕು ಅಂಗಡಿ, ಹಳೇ ಸ್ಮಶಾನ. ಅದರ ಗೇಟಿನ ಬಳಿ ಇವರು ಎಷ್ಟೋ ಸಲ ಓದಿದ ಫಲಕವಿತ್ತು.

ಅವಳು ಒಂದೊಂದೇ ಸಾಲು ಬಿಡಿಸಿ ಹೇಳಿದಳು. ಗಾಡಿಯಲ್ಲಿ ಬಂದರು, ಬಾವಿ ತೋಡಿದರು. ಇವರು ತಲೆಯಾಡಿಸಿದರು. ನನಗೆ ಆಸೆ ಹುಟ್ಟಿತು. ಸೆಟ್ಲರ್ಸ್ ಬಳಿ ಅವಳು ತಡವರಿಸಿದಳು. ಪದ ನನ್ನ ನಾಲಿಗೆ ತುದಿಯಲ್ಲೇ ಇತ್ತು, ಆದರೆ ಮಾತು ಕೊಟ್ಟಿದ್ದೆನಲ್ಲ, ನುಂಗಿಕೊಂಡೆ.

"ಅಪ್ಪಾ, ಅವ್ರು ಇಲ್ಲಿ... ಕೂತ್ಕೊಂಡ್ರು."

ಇವರು ಸಮಾಧಿಗಳ ನಡುವೆ, ಹುಲ್ಲಿನ ಮೇಲೆ, ಎಲ್ಲ ಕಡೆ ಹುಡುಕಿ ನೋಡಿದರು. "ಎಲ್ಲಿ ಕೂತಿದಾರೆ? ಯಾರೂ ಕಾಣಲ್ವಲ್ಲ."

ಅವಳು ಗಾಬರಿಯಾಗಿ ಇಂಗ್ಲಿಷಿಗೆ ಹೊರಳಿ, ಬೇಗ ಬೇಗ ಏನೇನೋ ವಿವರಿಸಿದಳು. ಇವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ನನ್ನ ಕಡೆ ಬಾಗಿ ತಗ್ಗಿದ ದನಿಯಲ್ಲಿ ಹೇಳಿದರು:

"ಯಾರ ಮನೆ ಹುಡುಗೀನೇ ಇದು? ಒಳ್ಳೇವಳು. ಪಾಪ, ಕನ್ನಡ ಬರಲ್ಲ."

ಅದು ಅವಳಿಗೂ ಕೇಳಿಸಿತು, ಪೂರ್ತಿ ಅರ್ಥವೂ ಆಯಿತು.

ಮರಳುವಾಗ ಕಾರಿನಲ್ಲಿ ಒಕ್ಕಲು ಎಂಬ ಪದವನ್ನು ನಾನು ನೆನಪಿಸಿದೆ. ಅವಳು ಬರೆದುಕೊಳ್ಳಲಿಲ್ಲ.