ಅಕ್ಕಿ ಚಾನೆಲ್ಲಿನ ಗಂಗಾಂಬಿಕಾ

ಗಂಗಾಂಬಿಕಾ ಚಿಕ್ಕವಳಿದ್ದಾಗ, ಟಿವಿಯಲ್ಲಿ ಕಥೆ ಶುರುವಾದ ಕೂಡಲೇ ಎದ್ದು ಮನೆಗೆ ಹೋಗುತ್ತಿದ್ದಳು.

ಕಂಪ್ಲಿಯ ಅವರ ಓಣಿಯಲ್ಲಿ ಆಗ ಟಿವಿ ಇದ್ದದ್ದು ಅಕ್ಕಿ ಗಿರಣಿ ಮಾಲೀಕರ ಮನೆಯಲ್ಲಿ ಮಾತ್ರ. ಭಾನುವಾರ ಬೆಳಿಗ್ಗೆ ಮಕ್ಕಳೆಲ್ಲ ಅವರ ಪಡಸಾಲೆಯಲ್ಲಿ ತುಂಬಿಕೊಳ್ಳುತ್ತಿದ್ದರು. ಗಂಗಾಂಬಿಕಾಳ ಅಪ್ಪ ಉಜ್ಜಿನಪ್ಪ ಅದೇ ಗಿರಣಿಯಲ್ಲಿ ಮಷಿನ್ ರಿಪೇರಿ ಮಾಡುತ್ತಿದ್ದುದರಿಂದ ಅವಳಿಗೆ ಮುಂದಿನ ಸಾಲಿನಲ್ಲೇ ಜಾಗ ಸಿಗುತ್ತಿತ್ತು. ಸೋಪಿನ ಜಾಹೀರಾತಿನಲ್ಲಿ ಗುಳ್ಳೆ ಒಡೆದು ಹೆಸರು ಮೂಡುವುದು, ಧಾರಾವಾಹಿಯ ಟೈಟಲ್ಲಿನಲ್ಲಿ ಚೂರುಚೂರು ಅಕ್ಷರಗಳು ಎಲ್ಲಿಂದಲೋ ಹಾರಿಬಂದು ಒಂದರ ಪಕ್ಕ ಒಂದು ಕೂಡುವುದು, ಇವು ಬಂದಾಗ ಅವಳು ಉಸಿರು ಬಿಗಿಹಿಡಿದು ಕೂರುತ್ತಿದ್ದಳು. ಯಾರಾದರೂ ಮಾತಾಡಿದರೆ ಸಿಟ್ಟು. ಹೆಸರುಗಳೆಲ್ಲ ಮುಗಿದು ಕಥೆಯ ಜನ ಮಾತಾಡತೊಡಗಿದರೆ ಅವಳ ಕೆಲಸ ಮುಗಿಯಿತು.

"ಯಾಕವ್ವಾ, ಇಷ್ಟು ಜಲ್ದಿ ಬಂದಿ? ಮುಗೀತೇನು?" ಎಂದು ಅವ್ವ ಕೊಟ್ರಮ್ಮ ಕೇಳುತ್ತಿದ್ದಳು.

"ಚಲೋದು ಮುಗೀತವ್ವಾ."

ಕೊಟ್ರಮ್ಮನಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಮಗಳ ಈ ಹುಚ್ಚು ಅವಳಿಗೆ ಅರ್ಥವಾಗಿತ್ತೆಂದು ಕಾಣುತ್ತದೆ. ಟಿವಿಯಲ್ಲಿ ಯಾವ ಹೆಸರು ಬಂತೆಂದು ಅವಳು ಕೇಳುತ್ತಿರಲಿಲ್ಲ. "ಇವತ್ತ ಹೆಂಗ ಬಂತು?" ಎಂದು ಕೇಳುತ್ತಿದ್ದಳು. ಗಂಗಾಂಬಿಕಾ ಎರಡೂ ಕೈ ಆಡಿಸಿ, ಅಂಗಳದಲ್ಲಿ ಸುತ್ತು ಹಾಕಿ, ಹೆಂಗೆ ಬಂತೆಂದು ತೋರಿಸುತ್ತಿದ್ದಳು.

ಪಿಯುಸಿ ಮುಗಿದ ಮೇಲೆ ಅವಳು ದಿನಾ ಬಸ್ಸಿನಲ್ಲಿ ಹೊಸಪೇಟೆಗೆ ಬಂದು ಕಂಪ್ಯೂಟರ್ ಕಲಿತಳು. ಕಲಿತ ಮೇಲೆ ಮೇನ್ ಬಜಾರಿನ ಒಂದು ಪಾತ್ರೆ ಅಂಗಡಿಯ ಮೇಲಿದ್ದ 'ಹೊಳೆ ಟಿವಿ'ಯಲ್ಲಿ ಕೆಲಸಕ್ಕೆ ಸೇರಿದಳು. ಹೊಸಪೇಟೆಯ ನನ್ನ ವಾರಿಗೆಯವರಿಗೆ ಆ ಕೇಬಲ್ ಚಾನೆಲ್ ನೆನಪಿದ್ದೇ ಇರುತ್ತದೆ. ಸಂಜೆ ಫೋನ್ ಮಾಡಿ ಹಾಡು ಕೇಳಬಹುದಿತ್ತು. ಮೊದಲ ವರ್ಷದ ಹುಟ್ಟುಹಬ್ಬದ ಮಕ್ಕಳ ಫೋಟೊ, ತೀರಿಕೊಂಡವರ ಫೋಟೊ, ಬಟ್ಟೆ ಅಂಗಡಿಯ ಜಾಹೀರಾತು, ಎಲ್ಲ ಒಂದರ ಹಿಂದೆ ಒಂದು ಬರುತ್ತಿದ್ದವು. ನಮ್ಮ ಓಣಿಯವರೇ ಟಿವಿಯಲ್ಲಿ ಕಾಣುವುದೆಂದರೆ ಆಗ ಏನು ಸಂಭ್ರಮ!

ಚಾನೆಲ್ಲಿನ ಮಾಲೀಕ ಮೌನೇಶ್ ಹೆಸರಿಗೆ ವಿರುದ್ಧವಾಗಿ ಬಾಯಿ ತುಂಬ ಮಾತಾಡುವ ಮನುಷ್ಯ. ಗಂಟೆಗೊಮ್ಮೆ ಬರುವ ಚಾನೆಲ್ಲಿನ ಲೋಗೊ ಹೇಗಿರಬೇಕೆಂಬ ವಿಷಯದಲ್ಲಿ ಮಾತ್ರ ಅವನದು ಒಂದೇ ಮಾತು.

"ಭೂಮಿ ತಿರುಗಬೇಕು. ಅಕ್ಷರಕ್ಕ ಬೆಂಕಿ ಹತ್ತಬೇಕು. ಕಡೀಕ ಢಮ್ ಅನ್ನಬೇಕು."

"ಮೌನೇಶಣ್ಣಾ, ನಮ್ಮ ಚಾನೆಲ್ ಪಾಪಿನಾಯಕನಹಳ್ಳಿ ದಾಟಂಗಿಲ್ಲ. ಭೂಮಿ ಯಾಕ ಬೇಕ್ರಿ?"

"ದಾಟಂಗಿಲ್ಲ ಅಂತ ಜನಕ್ಕ ಗೊತ್ತಾಗಬಾರ್ದಲ್ಲವ್ವಾ, ಅದಕ್ಕಾ ಭೂಮಿ!"

ಅವಳು ಭೂಮಿಯನ್ನು ತಿರುಗಿಸಿದಳು, ಬೆಂಕಿಯನ್ನೂ ಹಚ್ಚಿದಳು. ಆದರೆ ಬಿಡುವಿದ್ದಾಗಲೆಲ್ಲ ಊರು ಸುತ್ತಿ ಬೇರೇನನ್ನೋ ಹುಡುಕುತ್ತಿದ್ದಳು. ಜೊತೆಗೆ ಚಾನೆಲ್ಲಿನ ಕ್ಯಾಮೆರಾಮನ್ ಹಾಲೇಶ್ ಇರುತ್ತಿದ್ದ. ಹಂಪಿಯಲ್ಲಿ ಹರಿಗೋಲು ಹತ್ತಿ, ಅಂಬಿಗ ಅದನ್ನು ಗಿರ್ರನೆ ತಿರುಗಿಸಿದಾಗ ದಂಡೆಯ ಬಂಡೆಗಳೇ ತಮ್ಮ ಸುತ್ತ ಓಡುವುದನ್ನು ನೋಡಿದರು. ಸೀರೆ ಅಂಗಡಿಯಲ್ಲಿ ಅಂಗಡಿಯವನು ಸೀರೆಯ ಒಂದು ತುದಿ ಹಿಡಿದು ಎಸೆದಾಗ ಅದು ತೆರೆಯಂತೆ ಏರಿ, ಗಾದಿಯ ಮೇಲೆ ಬಿಚ್ಚಿಕೊಂಡು ಮಲಗುವುದನ್ನು ನೋಡಿದರು. ಗಂಗಾಂಬಿಕಾ ಸೀರೆ ಕೊಳ್ಳದೆ "ಇನ್ನೊಂದು ಎಸೀರಿ" ಎನ್ನುತ್ತಿದ್ದಳಂತೆ. ಅವರಿಬ್ಬರೂ ಮದುವೆಯಾಗುವವರಿರಬೇಕು ಎಂದು ಅಂಗಡಿಯವನು ಊಹಿಸಿದ. ಅದು ಅವರಿಗೇ ಇನ್ನೂ ಗೊತ್ತಿರಲಿಲ್ಲ.

ಅವಳು ಹುಡುಕುತ್ತಿದ್ದದ್ದು ಸಿಕ್ಕಿದ್ದು ಕಂಪ್ಲಿಯ ತನ್ನ ಮನೆಯ ಅಂಗಳದಲ್ಲಿ. ಒಂದು ರಜೆಯ ದಿನ ಕೊಟ್ರಮ್ಮ ಅಕ್ಕಿ ಹಸನು ಮಾಡುತ್ತ ಕುಳಿತಿದ್ದಳು. ಮೊರ ಒಮ್ಮೆ ಜಿಗಿಯಿತು. ಅಕ್ಕಿ ಗಾಳಿಯಲ್ಲಿ ನಿಂತಂತೆ ನಿಂತು ಹಿಂದಕ್ಕೆ ಬಿತ್ತು, ಹೊಟ್ಟು ಬಿಸಿಲಲ್ಲಿ ಹೊಗೆಯಂತೆ ಮುಂದಕ್ಕೆ ಹೋಯಿತು. ಇಪ್ಪತ್ತು ವರ್ಷದಿಂದ ನೋಡುತ್ತಿದ್ದುದನ್ನೇ ಗಂಗಾಂಬಿಕಾ ಅಂದು ಬಾಯಿ ತೆರೆದು ನೋಡಿದಳು.

"ಅವ್ವಾ, ತಡಿ. ಇನ್ನೊಮ್ಮೆ ಕೇರು."

"ಹಸನಾತಲ್ಲಲೇ, ಇನ್ನೇನು ಕೇರ್ಲಿ?"

ಮರುವಾರ ಹಾಲೇಶ್ ಕ್ಯಾಮೆರಾ ಹೊತ್ತುಕೊಂಡು ಕಂಪ್ಲಿಗೆ ಬಂದ. ಅಂಗಳದಲ್ಲಿ ಕರಿ ಕಂಬಳಿಯೊಂದನ್ನು ಕಟ್ಟಿದರು. ಗಂಗಾಂಬಿಕಾ ಮೊರದ ಮೇಲೆ ಸೀಮೆಸುಣ್ಣದಿಂದ 'ಹೊಳೆ' ಎಂದು ಬರೆದಳು. ಕೊಟ್ರಮ್ಮ ಆ ಗೀಟಿನ ಮೇಲೆ ಅಕ್ಕಿ ಜೋಡಿಸುತ್ತ ಹೋದಳು. ಎತ್ವ, ಕೊಂಬು, ತಿರುವು ಒಂದೂ ತಪ್ಪದಂತೆ ಜೋಡಿಸಿ, ಕತ್ತು ವಾರೆ ಮಾಡಿ ನೋಡಿದಳು.

"ಇಷ್ಟು ಚೆಂದ ಇಟ್ಟೀನಿ, ಈಗ ಹಾರಿಸು ಅಂತೀಯಲ್ಲ!"

"ಹಾರಸವ್ವಾ, ಮುಂದಿಂದು ನನಗ ಬಿಡು."

ಅವಳ ಯೋಚನೆ ಸರಳವಾಗಿತ್ತು. ಅವ್ವ ಅಕ್ಷರವನ್ನು ಮೊರದಿಂದ ಹಾರಿಸುತ್ತಾಳೆ, ಚಿತ್ರವನ್ನು ಹಿಂದುಮುಂದಾಗಿ ಓಡಿಸಿದರೆ ಹಾರಿದ ಅಕ್ಕಿಯೆಲ್ಲ ಗಾಳಿಯಿಂದ ಇಳಿದು ಬಂದು ಅಕ್ಷರವಾಗುತ್ತದೆ. ಅದನ್ನು ಕಂಪ್ಯೂಟರಿನಲ್ಲಿ ಅಚ್ಚುಕಟ್ಟು ಮಾಡಿ, ಹಿನ್ನೆಲೆಗೆ ಬರೀ ಮೊರದ ಸಪ್ಪಳವನ್ನು ಇಟ್ಟು, ಟೇಪಿಗೆ ಇಳಿಸಿದಳು.

ಮೌನೇಶ್ ನೋಡಿದ. "ಏನವ್ವಾ ಇದು? ಅಡಿಗಿ ಮನಿ ಚಾನೆಲ್ ಅನ್ಕೊಂತಾರ. ಬ್ಯಾಡ."

ಯುಗಾದಿಯ ಬೆಳಿಗ್ಗೆ ಕರೆಂಟ್ ಹೋಗಿ ಬಂದು, ಮತ್ತೆ ಹೋಗಿ ಬಂದು, ಕಂಪ್ಯೂಟರಿನಲ್ಲಿದ್ದ ಭೂಮಿ ಕೆಟ್ಟು ಕುಳಿತಿತು. ಹಬ್ಬದ ಕಾರ್ಯಕ್ರಮ ಶುರುವಾಗಬೇಕು, ತೋರಿಸಲು ಲೋಗೊ ಇಲ್ಲ. ಟೇಪಿನಲ್ಲಿ ಉಳಿದಿದ್ದದ್ದು ಕೊಟ್ರಮ್ಮನ ಅಕ್ಕಿ ಮಾತ್ರ. ಮೌನೇಶ್ ತಲೆ ಚಚ್ಚಿಕೊಂಡು, "ಹಾಕವ್ವಾ, ಮಾನ ಹೋದ್ರ ಹೋಗ್ಲಿ" ಎಂದ.

ಅವತ್ತು ನಾವು ಮನೆಯಲ್ಲಿ ಬೇವು ಬೆಲ್ಲ ತಿನ್ನುತ್ತ ಟಿವಿ ಮುಂದಿದ್ದೆವು. ಸರ್ರೆಂಬ ಮೊರದ ಸಪ್ಪಳಕ್ಕೆ ನಮ್ಮ ಅಜ್ಜಿ ಅಡುಗೆಮನೆಯಿಂದ ಹೊರಗೆ ಬಂದಳು, ಯಾರೋ ಅಕ್ಕಿ ಕೇರುತ್ತಿದ್ದಾರೆಂದು. ಮೂರು ದಿನದಲ್ಲಿ ಊರು ಆ ಚಾನೆಲ್ಲಿಗೆ 'ಅಕ್ಕಿ ಚಾನೆಲ್' ಎಂದು ಹೆಸರಿಟ್ಟಿತು. ಮಾರ್ಕೆಟ್ಟಿನಲ್ಲಿ ತರಕಾರಿ ಮಾರುವ ಹೆಂಗಸರು ಓದಲು ಬಾರದಿದ್ದರೂ, ಅಕ್ಷರ ಮೂಡುವ ಮೊದಲೇ ಅದು ಯಾವ ಚಾನೆಲ್ ಎಂದು ಹೇಳುತ್ತಿದ್ದರು. ಮೌನೇಶ್ ಭೂಮಿಯ ಸುದ್ದಿಯನ್ನು ಮತ್ತೆ ಎತ್ತಲಿಲ್ಲ. ಅಷ್ಟೇ ಅಲ್ಲ, ಈ ಅಕ್ಕಿಯ ಯೋಚನೆ ತನ್ನದೇ ಎಂದು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ. ಗಂಗಾಂಬಿಕಾ ಅದಕ್ಕೆ ನಕ್ಕುಬಿಟ್ಟಳು.

ಕಂಪ್ಲಿಯಲ್ಲಿ ಆ ಚಾನೆಲ್ ಬರುತ್ತಿರಲಿಲ್ಲ. ಹೀಗಾಗಿ ಅವಳು ಅವ್ವನನ್ನು ಹೊಸಪೇಟೆಗೆ ಕರೆತಂದು ಸ್ಟುಡಿಯೋದಲ್ಲೇ ಕೂರಿಸಿ ತೋರಿಸಿದಳು. ಕೊಟ್ರಮ್ಮ ತನ್ನ ಕೈಬಳೆಗಳನ್ನು ತಾನೇ ಗುರುತು ಹಿಡಿದು ಸೆರಗು ಬಾಯಿಗಿಟ್ಟು ನಕ್ಕಳು.

"ಯವ್ವಾ! ನನ್ನ ಕೈ ಹಿಂದಕ್ಕ ಹೊಂಟಾವಲ್ಲ!"

ಆಮೇಲೆ ಕೆಲಸವೋ ಕೆಲಸ. ಸೀರೆ ಅಂಗಡಿಯ ಜಾಹೀರಾತಿನಲ್ಲಿ ಎಸೆದ ಸೀರೆ ಬಿಚ್ಚಿಕೊಂಡಂತೆ ಅಂಗಡಿಯ ಹೆಸರೂ ಬಿಚ್ಚಿಕೊಂಡಿತು. ಹಾಲೇಶ್ ಮತ್ತು ಅವಳ ಮದುವೆಯ ವಿಡಿಯೊದಲ್ಲಿ ಹರಿಗೋಲಿನ ಸುತ್ತ ಬಂಡೆಗಳು ತಿರುಗಿ, ಒಂದೊಂದು ಬಂಡೆಯ ಮರೆಯಿಂದ ಒಂದೊಂದು ಹೆಸರು ಹೊರಬಂತು. ಹಾಲೇಶನ ಊರಾದ ಎಮ್ಮಿಗನೂರಿನ ಬೀಗರು ಆ ಕ್ಯಾಸೆಟ್ಟನ್ನು ಟೈಟಲ್ ನೋಡಲಿಕ್ಕೇ ಪದೇ ಪದೇ ಹಾಕುತ್ತಿದ್ದರಂತೆ.

ಅಂಥ ದಿನಗಳು ಬಹಳ ಕಾಲ ಉಳಿಯಲಿಲ್ಲ. ಮನೆಮನೆಗೆ ಡಿಶ್ ಬಂತು, ಸೆಟ್‌ಟಾಪ್ ಬಾಕ್ಸ್ ಬಂತು, ಕೈಗೆ ಮೊಬೈಲ್ ಬಂತು. ಹೊಳೆ ಟಿವಿ ಮುಚ್ಚಿತು. ಮೌನೇಶ್ ಅದೇ ಜಾಗದಲ್ಲಿ ಮೊಬೈಲ್ ಅಂಗಡಿ ಇಟ್ಟ. ಗಂಗಾಂಬಿಕಾ ಮತ್ತು ಹಾಲೇಶ್ ಸ್ವಂತ ಸ್ಟುಡಿಯೊ ಮಾಡಿ, ಮದುವೆ ಮಂಟಪಗಳ ಎಲ್‌ಇಡಿ ಪರದೆಗೆ ಹೆಸರು ಕುಣಿಸುವ ಕೆಲಸ ಹಿಡಿದರು. ಎಲ್ಲಿಂದಲೋ ಬಂದ ಸಿದ್ಧ ಡಿಸೈನುಗಳಲ್ಲಿ ವಧೂವರರ ಹೆಸರು ಬದಲಿಸುವುದು ಬಿಟ್ಟರೆ ಅದರಲ್ಲಿ ಮಾಡುವುದು ಹೆಚ್ಚೇನೂ ಇರಲಿಲ್ಲ.

ಕೊಟ್ರಮ್ಮ ತೀರಿಕೊಂಡ ಮೇಲೆ ಗಂಗಾಂಬಿಕಾ ಹಳೆಯ ಟೇಪುಗಳನ್ನು ಹುಡುಕಿದಳು. ಎಲ್ಲಕ್ಕೂ ಬೂಷ್ಟು ಹಿಡಿದಿತ್ತು. ಬೆಂಗಳೂರಿನವರೆಗೆ ಹೋಗಿ ಬಂದರೂ ಅವುಗಳಿಂದ ಒಂದು ಚಿತ್ರವೂ ಹೊರಬರಲಿಲ್ಲ. ನಾನು ಮಾತಾಡಿಸಲು ಹೋದಾಗ ಗೋಡೆಯ ಮೇಲೆ ಅವ್ವನ ದೊಡ್ಡ ಫೋಟೊ ಇತ್ತು.

"ಮುಖ ಐತ್ರಿ," ಎಂದಳು ಗಂಗಾಂಬಿಕಾ. "ಕೈ ಆಡೋದು ಇಲ್ಲ. ಅವ್ವ ಅಂದ್ರ ನನಗ ಆ ಕೈ ಆಡೋದಾ."

ಅದಾದ ಮೇಲೆ ಬಹಳ ದಿನ ಅವಳು ಹೊಸದೇನನ್ನೂ ಮಾಡಲಿಲ್ಲ. ಬಂದ ಮದುವೆಗಳಿಗೆ ಹೆಸರು ಬದಲಿಸಿ ಕೊಟ್ಟು ಸುಮ್ಮನಿರುತ್ತಿದ್ದಳು.

ಹೋದ ವರ್ಷ ಸುಷ್ಮಿತಾ ಎಂಬ ಸಂಡೂರಿನ ಹುಡುಗಿ ಸ್ಟುಡಿಯೊಕ್ಕೆ ಬಂದಳು. ತನ್ನೂರಿನ ಗುಡ್ಡ, ತಾಂಡಾ, ಜನರ ಕೈಕೆಲಸದ ಬಗ್ಗೆ ಯೂಟ್ಯೂಬಿನಲ್ಲಿ ವಿಡಿಯೊ ಮಾಡುವವಳು. ಅವಳಿಗೊಂದು ಟೈಟಲ್ ಬೇಕಿತ್ತು.

"ಮೊಬೈಲ್‌ನಾಗ ಎಲ್ಲಾ ಸಿಗ್ತಾವಕ್ಕಾ. ಆದ್ರ ಎಲ್ಲಾರದೂ ಒಂದಾ ತರ ಕಾಣ್ತಾವ. ನಮ್ಮೂರಂಗ ಕಾಣಂಗಿಲ್ಲ."

ಗಂಗಾಂಬಿಕಾ ಕಂಪ್ಯೂಟರ್ ಆಫ್ ಮಾಡಿ ಎದ್ದಳು. "ಹಂಗಾದ್ರ ಇಲ್ಲಿ ಕುಂತು ಏನು ಮಾಡೋದೈತಿ? ನಡಿ, ನಿಮ್ಮೂರಿಗೇ ಹೋಗೂಣು."

ಕೇಳಿದ ಹಾಲೇಶ್ ತಾನಾಗಿಯೇ ಕ್ಯಾಮೆರಾ ಚೀಲಕ್ಕೆ ಬ್ಯಾಟರಿ ತುಂಬಿದ. ಮೂವರೂ ಸಂಡೂರಿನ ಬಸ್ಸು ಹತ್ತಿದರು. ಕೆಂಪು ಧೂಳಿನ ದಾರಿಯುದ್ದಕ್ಕೂ ಗಂಗಾಂಬಿಕಾ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲವೆಂದು ಸುಷ್ಮಿತಾ ಆಮೇಲೆ ನನಗೆ ಹೇಳಿದಳು. ತಾಂಡಾದಲ್ಲಿ ಒಂದು ಮನೆಯ ಕಟ್ಟೆಯ ಮೇಲೆ ಲಂಬಾಣಿ ಹೆಂಗಸರು ಕಸೂತಿ ಹಾಕುತ್ತಿದ್ದರು. ಸೂಜಿ ಬಟ್ಟೆಯ ಕೆಳಗೆ ಮುಳುಗುವುದು, ಎಲ್ಲೋ ಒಂದು ಕಡೆ ಮೇಲೆ ಏಳುವುದು, ಹಿಂದೆ ಕೆಂಪು ದಾರ ಸರ್ರನೆ ಎಳೆದುಕೊಂಡು ಬರುವುದು. ಗಂಗಾಂಬಿಕಾ ಅವರೆದುರು ನೆಲದ ಮೇಲೇ ಕುಳಿತುಬಿಟ್ಟಳು.

ಕಸೂತಿಯ ಮುಂಭಾಗ ಚೆನ್ನಾಗಿ ಕಾಣಲೆಂದು ಒಬ್ಬ ಮುದುಕಿ ತನ್ನ ಬಟ್ಟೆಯನ್ನು ಬಿಸಿಲಿಗೆ ಹಿಡಿದಳು. ಕನ್ನಡಿ ಚೂರುಗಳು ಹೊಳೆದವು.

"ಭಾಳ ಚೆಂದ ಐತ್ರಿ. ಸ್ವಲ್ಪ ತಿರುವಿ ಹಾಕ್ರಿ, ದಾರ ಹೆಂಗ ಬಂತು ಅಂತ ಹಿಂದಿಂದು ನೋಡ್ತೀನಿ."

"ಹಿಂದಿಂದಾ? ಬರೀ ಗಂಟು ಅದಾವ," ಎಂದು ಮುದುಕಿ ನಕ್ಕಳು. "ಅದನ್ನ ಯಾರು ನೋಡ್ತಾರ?"

ಆದರೂ ತಿರುವಿ ಹಾಕಿದಳು. ಗಂಗಾಂಬಿಕಾ ಬಗ್ಗಿ, ದಾರ ಒಂದು ಗಂಟಿನಿಂದ ಇನ್ನೊಂದಕ್ಕೆ ಹಾದುಹೋದ ದಾರಿಯನ್ನು ಬೆರಳಿನಿಂದ ಸವರುತ್ತ ಹೋದಳು.